ಜೋಸೆಫ್ ಗೋಲ್ಡ್‌ಬರ್ಗರ್: ರೋಗಿಯ ತಟ್ಟೆಯನ್ನು ನೋಡಿದ ವೈದ್ಯ

ಬೋಧನಾಭ್ಯಾಸದ ಎರಡನೇ ವಾರ ನಾನು ಎಂಟನೇ ತರಗತಿಗೆ ಜೀವಸತ್ವಗಳ ಕೊರತೆಯಿಂದ ಬರುವ ರೋಗಗಳ ಪಾಠ ಮಾಡಿದೆ. ಚಾರ್ಟ್‌ನಲ್ಲಿ ಇರುಳುಗುರುಡು, ಬೆರಿಬೆರಿ, ಸ್ಕರ್ವಿ, ರಿಕೆಟ್ಸ್ ಎಲ್ಲವೂ ಇದ್ದವು. ಪೆಲ್ಲಾಗ್ರದ ಮುಂದೆ ಚರ್ಮದ ಉರಿಯೂತ, ಭೇದಿ, ಬುದ್ಧಿಭ್ರಮಣೆ ಎಂದು ಬರೆದಿದ್ದೆ. ಹಾಗಾದರೆ ಹುಚ್ಚರಿಗೆಲ್ಲ ಊಟ ಹಾಕಿದರೆ ಸಾಕಲ್ಲವೇ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಸಾಲಿಗೆ ಹೋದೆ. ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳ ಮನೆಯವರೊಬ್ಬರು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದರು. ಆ ಉತ್ತರವನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಜೋಸೆಫ್ ಗೋಲ್ಡ್‌ಬರ್ಗರ್ ಅವರ ಜೀವನ.

ಗೋಲ್ಡ್‌ಬರ್ಗರ್ ಹುಟ್ಟಿದ್ದು 1874ರಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ. ಆ ಊರು ಈಗ ಸ್ಲೊವಾಕಿಯಾದಲ್ಲಿದೆ. ಬಡ ಯಹೂದಿ ಕುಟುಂಬ. ಅವರು ಚಿಕ್ಕವರಿದ್ದಾಗಲೇ ಮನೆಯವರು ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕ್‌ನಲ್ಲಿ ಕಿರಾಣಿ ಅಂಗಡಿ ಇಟ್ಟರು. ಹುಡುಗ ಮೊದಲು ಎಂಜಿನಿಯರಿಂಗ್ ಸೇರಿದ. ವೈದ್ಯಕೀಯದ ಒಂದು ಉಪನ್ಯಾಸ ಕೇಳಿದ ಮೇಲೆ ಮನಸ್ಸು ಬದಲಾಯಿಸಿ, 1895ರಲ್ಲಿ ಬೆಲ್‌ವ್ಯೂ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ. ಕೆಲವು ವರ್ಷ ಸ್ವಂತ ವೃತ್ತಿ ನಡೆಸಿದ ಗೋಲ್ಡ್‌ಬರ್ಗರ್ 1899ರಲ್ಲಿ ಸರ್ಕಾರದ ಆರೋಗ್ಯ ಸೇವೆಗೆ ಸೇರಿದರು. ಸಾಂಕ್ರಾಮಿಕ ರೋಗಗಳ ಬೆನ್ನು ಹತ್ತಿ ಊರೂರು ಅಲೆಯುವ ಕೆಲಸ ಅದು. ಆ ಅಲೆದಾಟದಲ್ಲಿ ಹಳದಿ ಜ್ವರ, ಡೆಂಗಿ, ಟೈಫಸ್ ಮೂರೂ ಅವರಿಗೇ ಬಂದು ಹೋದವು.

1914ರಲ್ಲಿ ಅವರಿಗೆ ಪೆಲ್ಲಾಗ್ರದ ಹೊಣೆ ಬಂತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ರೋಗ ಹಬ್ಬಿತ್ತು. ಬಿಸಿಲು ಬೀಳುವ ಕೈ, ಕುತ್ತಿಗೆ, ಮುಖದ ಚರ್ಮ ಕೆಂಪಾಗಿ ಉರಿದು ಸುಲಿಯುತ್ತಿತ್ತು. ಬಾಯಿ ಹುಣ್ಣಾಗುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ಆಮೇಲೆ ನಿದ್ದೆಗೇಡು, ಮಂಕು, ಗೊಂದಲ, ಕೆಲವರಲ್ಲಿ ಭ್ರಮೆ. ಹೀಗೆ ಮನಸ್ಸು ಕೆಟ್ಟವರನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸುತ್ತಿದ್ದರು. ಇದು ಅಂಟುರೋಗ, ಯಾವುದೋ ರೋಗಾಣುವಿನಿಂದ ಬರುತ್ತದೆ ಎಂಬುದು ಆಗಿನ ಹೆಚ್ಚಿನ ವೈದ್ಯರ ನಂಬಿಕೆ. ರೋಗಾಣುಗಳನ್ನು ಒಂದೊಂದಾಗಿ ಪತ್ತೆಹಚ್ಚುತ್ತಿದ್ದ ಕಾಲದಲ್ಲಿ ಹಾಗೆ ಅನ್ನಿಸುವುದು ಸಹಜವೇ.

ಗೋಲ್ಡ್‌ಬರ್ಗರ್ ಪ್ರಯೋಗಾಲಯಕ್ಕೆ ಹೋಗುವ ಮೊದಲು ಆಸ್ಪತ್ರೆ, ಅನಾಥಾಲಯಗಳಲ್ಲಿ ಓಡಾಡಿದರು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲ್ಲಾಗ್ರ ಬರುತ್ತಿತ್ತು, ಹಗಲಿರುಳು ಅವರ ಜೊತೆಗಿದ್ದ ದಾದಿಯರಿಗೆ, ಸಹಾಯಕರಿಗೆ ಬರುತ್ತಿರಲಿಲ್ಲ. ಅಂಟುರೋಗಕ್ಕೆ ಸಂಬಳದವರು ಯಾರು, ರೋಗಿ ಯಾರು ಎಂಬ ಭೇದ ಗೊತ್ತಾಗುವುದಿಲ್ಲ. ಅನಾಥಾಲಯಗಳಲ್ಲಿ ಇನ್ನೂ ವಿಚಿತ್ರ: ಸುಮಾರು 6ರಿಂದ 12 ವರ್ಷದ ಮಕ್ಕಳಲ್ಲೇ ರೋಗ ಹೆಚ್ಚು. ಅವರು ತಟ್ಟೆಗಳನ್ನು ನೋಡಿದರು. ತೀರ ಚಿಕ್ಕವರಿಗೆ ಹಾಲು ಸಿಗುತ್ತಿತ್ತು. ದೊಡ್ಡ ಮಕ್ಕಳು ಕೆಲಸ ಮಾಡುತ್ತಿದ್ದರಿಂದ ಅವರಿಗೆ ಮಾಂಸ ಸಿಗುತ್ತಿತ್ತು. ನಡುವಿನವರಿಗೆ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಇಂಥವೇ.

ಮಿಸಿಸಿಪ್ಪಿಯ ಜಾಕ್ಸನ್ ಪಟ್ಟಣದ ಎರಡು ಅನಾಥಾಲಯಗಳಲ್ಲಿ ಸರ್ಕಾರದ ಖರ್ಚಿನಲ್ಲಿ ಊಟ ಬದಲಾಯಿಸಿದರು. ಹಾಲು, ಮೊಟ್ಟೆ, ಮಾಂಸ, ಕಾಳುಗಳು ಬಂದವು. ಬೇರೇನನ್ನೂ ಬದಲಿಸಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಲ್ಲಿ ಪೆಲ್ಲಾಗ್ರ ಹೆಚ್ಚುಕಡಿಮೆ ಕಾಣೆಯಾಯಿತು. ಜಾರ್ಜಿಯಾದ ಮಾನಸಿಕ ಆಸ್ಪತ್ರೆಯಲ್ಲೂ ಒಂದು ಗುಂಪಿಗೆ ಹೊಸ ಊಟ ಕೊಟ್ಟು, ಇನ್ನೊಂದು ಗುಂಪನ್ನು ಹಳೆಯ ಊಟದಲ್ಲೇ ಬಿಟ್ಟರು. ಹೊಸ ಊಟದವರಲ್ಲಿ ರೋಗ ಮರುಕಳಿಸಲಿಲ್ಲ. ಹಳೆಯ ಊಟದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಬಂತು. ನಿಯಂತ್ರಿತ ಪ್ರಯೋಗ ಎಂದರೇನು ಎಂದು ಹೇಳಿಕೊಡಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಜೊತೆಗೆ ಹಳೆಯ ಊಟದಲ್ಲೇ ಉಳಿದವರ ಪಾಡೇನು ಎಂಬ ಪ್ರಶ್ನೆಯೂ ತರಗತಿಯಲ್ಲಿ ಏಳಬೇಕು.

ಆ ಪ್ರಶ್ನೆ 1915ರಲ್ಲಿ ಇನ್ನೂ ತೀಕ್ಷ್ಣವಾಯಿತು. ಊಟದಿಂದ ರೋಗ ವಾಸಿಯಾದರೆ ಊಟದಿಂದಲೇ ಅದು ಬರಬೇಕು ಎಂದು ಗೋಲ್ಡ್‌ಬರ್ಗರ್ ತರ್ಕಿಸಿದರು. ಮಿಸಿಸಿಪ್ಪಿಯ ರಾಂಕಿನ್ ಬಂದೀಖಾನೆಯ ಹೊಲದಲ್ಲಿ ಆರೋಗ್ಯವಂತ ಕೈದಿಗಳಿಗೆ ತಿಂಗಳುಗಟ್ಟಲೆ ಮುಖ್ಯವಾಗಿ ಮೆಕ್ಕೆಜೋಳ, ಅಕ್ಕಿ, ಬಿಳಿ ಹಿಟ್ಟಿನ ತಿನಿಸು, ಪಾಕ ಇದ್ದ ಊಟವನ್ನು ಕೊಟ್ಟರು. ಕೊನೆಯವರೆಗೂ ಉಳಿದ 11 ಜನರಲ್ಲಿ 6 ಜನರಿಗೆ ಪೆಲ್ಲಾಗ್ರ ಕಾಣಿಸಿಕೊಂಡಿತು. ಅವರು ಒಪ್ಪಿಕೊಂಡೇ ಬಂದಿದ್ದರು, ಆದರೆ ಬಿಡುಗಡೆಯ ಭರವಸೆ ಸಿಕ್ಕಿದ್ದ ಕೈದಿಗಳು. ಅಂಥ ಒಪ್ಪಿಗೆ ನಿಜವಾದ ಒಪ್ಪಿಗೆಯೇ? ಇಂದು ಇಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ. ಗೋಲ್ಡ್‌ಬರ್ಗರ್ ದೊಡ್ಡವರು ಎಂದು ಈ ಭಾಗವನ್ನು ಮಕ್ಕಳಿಂದ ಮುಚ್ಚಿಡಬಾರದು ಎಂದು ನನಗೆ ಅನ್ನಿಸುತ್ತದೆ.

ಇಷ್ಟಾದರೂ ಹಲವು ವೈದ್ಯರು ನಂಬಲಿಲ್ಲ. ಆಗ, 1916ರಲ್ಲಿ, ಗೋಲ್ಡ್‌ಬರ್ಗರ್ ತಮ್ಮ ಮೇಲೆಯೇ ಪ್ರಯೋಗಕ್ಕೆ ಇಳಿದರು. ಅವರೂ ಸಹೋದ್ಯೋಗಿಗಳೂ ಪೆಲ್ಲಾಗ್ರ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು, ಮೂಗು ಗಂಟಲಿನ ಸ್ರಾವವನ್ನು ತಮ್ಮ ಮೂಗು ಗಂಟಲಿಗೆ ಹಚ್ಚಿಕೊಂಡರು. ರೋಗಿಗಳ ಚರ್ಮದ ಹೊಟ್ಟು, ಮಲ, ಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ನುಂಗಿದರು. ಪತ್ನಿ ಮೇರಿ ಕೂಡ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲ್ಲಾಗ್ರ ಬರಲಿಲ್ಲ.

ಆಮೇಲಿನ ಕೆಲಸಕ್ಕೆ ಇಷ್ಟು ಪ್ರಚಾರ ಸಿಗಲಿಲ್ಲ. ನನಗೆ ಮಾತ್ರ ಅದೇ ಮುಖ್ಯವೆನಿಸುತ್ತದೆ. ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರೊಡನೆ ಅವರು ದಕ್ಷಿಣ ಕ್ಯಾರೊಲಿನಾದ ಹತ್ತಿಗಿರಣಿ ಹಳ್ಳಿಗಳಲ್ಲಿ ಮನೆಮನೆಯ ಆದಾಯ ಮತ್ತು ಅಡುಗೆಯ ಲೆಕ್ಕ ಹಿಡಿದರು. ಆದಾಯ ಇಳಿದಷ್ಟೂ ಪೆಲ್ಲಾಗ್ರ ಏರುತ್ತಿತ್ತು. ಮನೆ ಬಾಗಿಲವರೆಗೂ ಹತ್ತಿ ಬೆಳೆಯುವ ನಾಡಿನಲ್ಲಿ ಕೂಲಿಯವರಿಗೆ, ಪಾಲಿಗೆ ಉಳುವವರಿಗೆ ತರಕಾರಿಗೂ ಹಸುವಿಗೂ ಜಾಗವಿರಲಿಲ್ಲ. ರೋಗದ ಮೂಲ ಬಡತನ ಎಂದು ಹೇಳಿದ್ದು ಅಲ್ಲಿನ ರಾಜಕಾರಣಿಗಳಿಗೆ ಹಿಡಿಸಲಿಲ್ಲ. 1927ರಲ್ಲಿ ಮಿಸಿಸಿಪ್ಪಿ ನದಿಯ ಮಹಾಪೂರ ಬಂದಾಗ, ಕಡಿಮೆ ಬೆಲೆಗೆ ಸಿಗುವ ಒಣ ಯೀಸ್ಟ್ ಪೆಲ್ಲಾಗ್ರವನ್ನು ತಡೆಯುತ್ತದೆ ಎಂಬ ಅವರ ಶೋಧ ಸಂತ್ರಸ್ತರಿಗೆ ನೆರವಾಯಿತು. 1929ರ ಜನವರಿಯಲ್ಲಿ ಗೋಲ್ಡ್‌ಬರ್ಗರ್ ಮೂತ್ರಪಿಂಡದ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾವು ಹುಡುಕುತ್ತಿದ್ದ ವಸ್ತು ಯಾವುದೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಅದು ನಿಕೋಟಿನಿಕ್ ಆಮ್ಲ, ಅಂದರೆ ನಾವು ಬಿ3 ಎನ್ನುವ ನಿಯಾಸಿನ್ ಎಂದು ತೋರಿಸಿದರು. ಅದನ್ನು ಕೊಟ್ಟಾಗ ಗೊಂದಲದಲ್ಲಿದ್ದ ಎಷ್ಟೋ ರೋಗಿಗಳ ಮನಸ್ಸು ಕೆಲವೇ ದಿನಗಳಲ್ಲಿ ತಿಳಿಯಾಯಿತು. ಬೇಗ ಚಿಕಿತ್ಸೆ ಸಿಕ್ಕವರು ಪೂರ್ತಿ ಚೇತರಿಸಿಕೊಂಡರು. ವರ್ಷಗಟ್ಟಲೆ ತಡವಾದವರಿಗೆ ಆ ಭಾಗ್ಯ ಎಲ್ಲ ಸಲವೂ ಸಿಗಲಿಲ್ಲ.

ನಮ್ಮ ದಖ್ಖನ್ ಪ್ರದೇಶದಲ್ಲೂ ಬಿಳಿಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಪೆಲ್ಲಾಗ್ರ ಇತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಹೋದ್ಯೋಗಿಗಳು ಅದನ್ನು ಅಧ್ಯಯನ ಮಾಡಿದರು. ತಪ್ಪು ಜೋಳದ ರೊಟ್ಟಿಯದಲ್ಲ. ಬೇಳೆ, ಸೊಪ್ಪು, ಮಜ್ಜಿಗೆ, ಶೇಂಗಾ ಜೊತೆಗಿರುವ ರೊಟ್ಟಿಯೂಟ ಒಳ್ಳೆಯ ಊಟವೇ. ಬರಿ ರೊಟ್ಟಿಯಷ್ಟೇ ಉಳಿದಾಗ ತೊಂದರೆ.

ಈಗ ಆ ಹುಡುಗನ ಪ್ರಶ್ನೆ. ಎಲ್ಲ ಮಾನಸಿಕ ಕಾಯಿಲೆಯೂ ಊಟದಿಂದ ವಾಸಿಯಾಗುವುದಿಲ್ಲ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಔಷಧ, ಆಪ್ತಸಮಾಲೋಚನೆ, ಮನೆಯವರ ಆಸರೆ ಬೇಕು. ಆದರೆ ಮನಸ್ಸಿನ ಕಾಯಿಲೆಯ ಹಿಂದೆ ದೇಹವೂ ಇರಬಹುದು. ಮೊದಲ ಬಾರಿ ಭ್ರಮೆ ಕಾಣಿಸಿಕೊಂಡ ಕೆಲವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿರುವುದು ಇಂದಿನ ಅಧ್ಯಯನಗಳಲ್ಲಿ ಕಂಡಿದೆ. ಅದು ಕಾರಣವೋ ಪರಿಣಾಮವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿ ಬೀಳುವ ಒಂದು ಕಾಯಿಲೆ ಮೊದಲಿಗೆ ಹುಚ್ಚಿನಂತೆಯೇ ಕಾಣುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಆದ್ದರಿಂದ ವೈದ್ಯರು ಇಂಥವರ ರಕ್ತ, ಥೈರಾಯಿಡ್, ತೂಕ, ಸಕ್ಕರೆ ಎಲ್ಲವನ್ನೂ ನೋಡುತ್ತಾರೆ. ಬೇಗ ತೋರಿಸಿದಷ್ಟೂ ಚೇತರಿಕೆಯ ಅವಕಾಶ ಹೆಚ್ಚು.

ಮುಂದಿನ ವಾರ ಅದೇ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಹುಚ್ಚರು ಎಂಬ ಮಾತನ್ನು ನಾವು ಬಿಡೋಣ ಎಂದೆ, ಹಿಂದಿನ ವಾರ ನಾನು ನಕ್ಕದ್ದು ತಪ್ಪು ಎಂದೂ ಹೇಳಿದೆ. ಪ್ರಶ್ನೆ ಕೇಳಿದ ಹುಡುಗನಿಗೆ ಧನ್ಯವಾದ ಹೇಳಿದೆ, ಏಕೆಂದರೆ ಪ್ರಶ್ನೆ ಒಳ್ಳೆಯದೇ ಆಗಿತ್ತು. ಪಾಠ ಮುಗಿದ ಮೇಲೆ ಕಿಟಕಿಯ ಪಕ್ಕದ ಹುಡುಗಿ ಚಾರ್ಟ್ ಸುತ್ತಲು ನೆರವಾದಳು. ಗೋಲ್ಡ್‌ಬರ್ಗರ್ ಎಂಬ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಕೇಳಿ, ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.