ಸರ್ ದೊರಾಬ್ಜಿ ಟಾಟಾರವರ ಚರಿತ್ರೆ: ಬರಿಗಾಲಿನ ಓಟಗಾರರನ್ನು ಸಮುದ್ರದಾಚೆಗೆ ಕಳುಹಿಸಿದ ಮಹನೀಯರು

ಓಟದ ಪಂದ್ಯವೆಂಬುದು ನಮ್ಮ ಹಳ್ಳಿಯವರಿಗೆ ಹೊಸ ಸಂಗತಿಯಲ್ಲ. ಜಾತ್ರೆಯ ಬಯಲಿನಲ್ಲಿಯೂ ಶಾಲೆಯ ಅಂಗಳದಲ್ಲಿಯೂ ಹುಡುಗರು ಓಡುವುದನ್ನು ನಾವು ಕಂಡಿದ್ದೇವೆ. ಅಪೊಸ್ತಲನಾದ ಪೌಲನು ತನ್ನ ಪತ್ರಿಕೆಗಳಲ್ಲಿ ಓಟಗಾರರ ಉಪಮಾನವನ್ನು ಹೇಳಿರುವುದನ್ನೂ ಸಭೆಯಲ್ಲಿ ಅನೇಕ ಸಾರಿ ಕೇಳಿದ್ದೇವೆ. ಪುರಾತನ ಕಾಲದಲ್ಲಿ ಗ್ರೀಕರು ನಡಿಸುತ್ತಿದ್ದ ಒಲಿಂಪಿಕ್ ಎಂಬ ಪಂದ್ಯಾಟಗಳು ಬಹು ಕಾಲ ನಿಂತುಹೋಗಿದ್ದು, 1896ನೇ ಇಸವಿಯಲ್ಲಿ ಅಥೇನೆ ಪಟ್ಟಣದಲ್ಲಿ ಪುನಃ ಆರಂಭವಾದವು. ಅಂದಿನಿಂದ ನಾಲ್ಕು ವರುಷಕ್ಕೊಮ್ಮೆ ನಾನಾ ದೇಶಗಳವರು ಒಂದೆಡೆ ಕೂಡಿ ಓಡುವರು, ಹಾರುವರು, ಕುಸ್ತಿಯಾಡುವರು. ಈ ಕೂಟಕ್ಕೆ ನಮ್ಮ ದೇಶದ ಬಡ ಒಕ್ಕಲಿಗರ ಮಕ್ಕಳನ್ನು ಮೊದಲು ಕಳುಹಿಸಿದವರು ಯಾರು, ಅದರಿಂದ ಏನಾಯಿತು ಎಂಬುದನ್ನು ಈ ಚರಿತ್ರೆಯಲ್ಲಿ ಹೇಳುವೆವು.

ದೊರಾಬ್ಜಿಯವರು 1859ನೇ ಇಸವಿ ಆಗಸ್ಟ್ 27ರಲ್ಲಿ ಮುಂಬಾಯಿ ಪಟ್ಟಣದಲ್ಲಿ ಹುಟ್ಟಿದರು. ಇವರು ಪಾರ್ಸಿ ಮತಸ್ಥರು. ಹೆಸರಾದ ವ್ಯಾಪಾರಿ ಜಮ್‌ಶೇಟ್‌ಜಿ ಟಾಟಾರವರ ಹಿರಿಯ ಮಗನು. ಬಾಲ್ಯದ ವಿದ್ಯಾಭ್ಯಾಸವು ಮುಂಬಾಯಿಯಲ್ಲಿ ನಡೆಯಿತು. 1875ರಲ್ಲಿ ತಂದೆಯು ಇವರನ್ನು ಇಂಗ್ಲಂಡಿಗೆ ಕಳುಹಿಸಿದರು. ಎರಡು ವರುಷಗಳ ಮೇಲೆ ಇವರು ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಗ್ರಂಥಗಳನ್ನು ಓದಿದಂತೆಯೇ ಕ್ರಿಕೆಟ್, ಕಾಲ್ಚೆಂಡು, ದೋಣಿ ನಡಿಸುವುದು, ಟೆನ್ನಿಸ್ ಮೊದಲಾದ ಆಟಗಳನ್ನೂ ಆಸಕ್ತಿಯಿಂದ ಕಲಿತರು. ದೇಹದ ಬಲವು ಮನಸ್ಸಿನ ಶಿಸ್ತಿಗೆ ಆಧಾರವೆಂಬ ಎಣಿಕೆಯು ಅಲ್ಲಿ ಇವರಲ್ಲಿ ಬೇರೂರಿ, ಕಡೆಯ ತನಕ ಬಾಡಲಿಲ್ಲ. 1879ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, 1882ರಲ್ಲಿ ಮುಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಿಂದ ಪದವಿಯನ್ನು ಪಡೆದರು.

ಸಿರಿವಂತನ ಮಗನಾದರೂ ಇವರು ಸುಮ್ಮನೆ ಕೂತುಕೊಳ್ಳಲಿಲ್ಲ. ಎರಡು ವರುಷ ಒಂದು ವರ್ತಮಾನ ಪತ್ರಿಕೆಯಲ್ಲಿ ಕೆಲಸಮಾಡಿದರು. 1884ರಲ್ಲಿ ತಂದೆಯ ವ್ಯಾಪಾರದೊಳಗೆ ಸೇರಿ ಹತ್ತಿಯ ಕೆಲಸವನ್ನೂ ನಾಗಪುರದ ಬಟ್ಟೆಯ ಗಿರಣಿಯ ಕೆಲಸವನ್ನೂ ಬುಡದಿಂದ ಕಲಿತರು.

ನಮ್ಮ ಮೈಸೂರು ಸೀಮೆಗೂ ಈ ಕುಟುಂಬಕ್ಕೂ ಬಹಳ ಹತ್ತಿರದ ಸಂಬಂಧವುಂಟು. ಜಮ್‌ಶೇಟ್‌ಜಿಯವರು ಹತ್ತೊಂಬತ್ತನೇ ಶತಮಾನದ ಕೊನೆಯ ವರುಷಗಳಲ್ಲಿ ಬೆಂಗಳೂರಿನ ಬಸವನಗುಡಿಯ ಕಡೆ ರೇಷ್ಮೆಯ ತೋಟವೊಂದನ್ನು ಹಾಕಿಸಿ, ಜಪಾನ್ ದೇಶದ ನಿಪುಣರನ್ನು ಕರೆಯಿಸಿ, ಹುಳು ಸಾಕುವ ಮತ್ತು ನೂಲು ಬಿಚ್ಚುವ ಹೊಸ ರೀತಿಯನ್ನು ಇಲ್ಲಿಯವರಿಗೆ ಕಲಿಸಿದರು. ಆ ತೋಟವು ತರುವಾಯ ಸಾಲ್ವೇಶನ್ ಆರ್ಮಿಯವರ ಕೈಗೆ ಬಂತು. ತೋಟವು ಹೋಗಿ ಮನೆಗಳು ಎದ್ದಿದ್ದರೂ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಆ ಸ್ಥಳಕ್ಕೆ ಇಂದಿಗೂ ಉಳಿದಿದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಹೊರ್ಮುಸ್‌ಜಿ ಭಾಭಾ ಎಂಬ ಪಾರ್ಸಿ ಮಹಾಶಯರ ಪರಿಚಯವೂ ಜಮ್‌ಶೇಟ್‌ಜಿಯವರಿಗೆ ಈ ಸೀಮೆಯಲ್ಲಿಯೇ ಆಯಿತು. ಅವರ ಮಗಳು ಮೆಹರ್‌ಬಾಯಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಕನ್ಯೆ. ತಂದೆಯ ಮಾತಿನಂತೆ ದೊರಾಬ್ಜಿಯವರು ಆ ಮನೆಗೆ ಹೋಗಿ, ಆಕೆಯನ್ನು ಕಂಡು, ಮೆಚ್ಚಿ ವಿವಾಹವಾದರು. ವಯಸ್ಸಿನಲ್ಲಿ ಇಪ್ಪತ್ತು ವರುಷಗಳ ಅಂತರವಿದ್ದರೂ ಅವರ ಸಂಸಾರವು ಅನ್ಯೋನ್ಯವಾಗಿತ್ತು. ಆಕೆಯೂ ಸೀರೆಯನ್ನುಟ್ಟೇ ಟೆನ್ನಿಸ್ ಆಡಿ ಅನೇಕ ಬಹುಮಾನಗಳನ್ನು ಗೆದ್ದವಳು. ಬಾಲ್ಯವಿವಾಹವನ್ನು ನಿಲ್ಲಿಸುವುದಕ್ಕೆ ಪ್ರಯಾಸಪಟ್ಟವಳು. ಮಕ್ಕಳ ಭಾಗ್ಯ ಮಾತ್ರ ಅವರಿಗೆ ದೊರೆಯಲಿಲ್ಲ.

1904ರಲ್ಲಿ ಜಮ್‌ಶೇಟ್‌ಜಿಯವರು ಜರ್ಮನಿಯಲ್ಲಿ ತೀರಿಕೊಂಡರು. ಅವರು ಮನಸ್ಸಿನಲ್ಲಿಟ್ಟಿದ್ದ ಮೂರು ದೊಡ್ಡ ಕಾರ್ಯಗಳು ಆಗ ಇನ್ನೂ ಕೈಗೂಡಿರಲಿಲ್ಲ: ಉಕ್ಕಿನ ಕಾರ್ಖಾನೆ, ನೀರಿನ ಬಲದಿಂದ ವಿದ್ಯುತ್ತನ್ನು ಹುಟ್ಟಿಸುವ ಏರ್ಪಾಡು, ಮತ್ತು ಉನ್ನತ ವಿಜ್ಞಾನದ ಶಾಲೆ. ಮಗನು ಈ ಮೂರು ಭಾರಗಳನ್ನೂ ಹೊತ್ತನು. ಕಬ್ಬಿಣದ ಅದಿರನ್ನು ಹುಡುಕುತ್ತಾ ಎತ್ತಿನ ಗಾಡಿಯಲ್ಲಿ ಕಾಡುಮೇಡುಗಳನ್ನು ಅಲೆದವರಲ್ಲಿ ಇವರೂ ಒಬ್ಬರು. 1907ರಲ್ಲಿ ಉಕ್ಕಿನ ಕಂಪೆನಿಯು ಸ್ಥಾಪನೆಯಾಯಿತು. 1910ರಲ್ಲಿ ವಿದ್ಯುತ್ತಿನ ಕಂಪೆನಿಯು ಹುಟ್ಟಿತು. ವಿಜ್ಞಾನಶಾಲೆಗೆ ಮೈಸೂರು ಸಂಸ್ಥಾನವು ಬೆಂಗಳೂರಿನ ಮಲ್ಲೇಶ್ವರದ ಆಚೆ 371 ಎಕರೆ ಭೂಮಿಯನ್ನು ದಾನಮಾಡಿತು. 1909ರಲ್ಲಿ ಅದು ಸ್ಥಾಪಿತವಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. 1910ರಲ್ಲಿ ಸರಕಾರದವರು ದೊರಾಬ್ಜಿಯವರಿಗೆ ಸರ್ ಎಂಬ ಬಿರುದನ್ನು ಕೊಟ್ಟರು.

ಇಷ್ಟು ಕೆಲಸಗಳ ನಡುವೆ ಆಟದ ಬಯಲಿನ ಮೇಲಣ ಪ್ರೀತಿಯು ಇವರನ್ನು ಬಿಡಲಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಎಂಬ ಸಂಘದವರು ಪಂದ್ಯಾಟಗಳನ್ನು ನಡಿಸಿದಾಗ ಇವರು ಅಧ್ಯಕ್ಷರಾಗಿದ್ದರು. ಅಲ್ಲಿಗೆ ಬಂದಿದ್ದ ಓಟಗಾರರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು. ಅವರಿಗೆ ಕಲಿಸಿದ ಗುರುವಿಲ್ಲ, ಕಾಲಿಗೆ ಜೋಡಿಲ್ಲ, ಪರದೇಶದ ಪಂದ್ಯಗಳ ನಿಯಮವೊಂದೂ ತಿಳಿಯದು. ಹೀಗಿದ್ದರೂ ದೂರದ ಓಟದಲ್ಲಿ ಕೆಲವರು ತೆಗೆದುಕೊಂಡ ವೇಳೆಯು ಯೂರೋಪಿನ ಓಟಗಾರರ ವೇಳೆಗೆ ಹತ್ತಿರವಾಗಿದ್ದುದನ್ನು ದೊರಾಬ್ಜಿಯವರು ಗಮನಿಸಿದರು. ಬೇರೆಯವರು ನೋಡಿ ಚಪ್ಪಾಳೆ ಹೊಡೆದು ಮನೆಗೆ ಹೋದರು. ಇವರಾದರೋ, ಇವರಿಗೂ ಲೋಕದ ಪಂದ್ಯಕ್ಕೆ ಹೋಗುವ ಯೋಗ್ಯತೆಯುಂಟಲ್ಲಾ ಎಂದು ಆಲೋಚಿಸತೊಡಗಿದರು.

ಆಗ ಮುಂಬಾಯಿ ಪ್ರಾಂತದ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯಿಡ್ ಎಂಬವರ ಸಹಾಯವನ್ನು ಕೇಳಿಕೊಂಡು, 1920ರ ಒಲಿಂಪಿಕ್ ಕೂಟಕ್ಕೆ ಹಿಂದೂದೇಶದಿಂದಲೂ ತಂಡವು ಬರಬಹುದೆಂಬ ಅನುಮತಿಯನ್ನು ಪಡೆದರು. ಆದರೆ ಅನುಮತಿಗಿಂತ ಕಷ್ಟವಾದದ್ದು ಮುಂದಿನ ಕೆಲಸ. ಒಲಿಂಪಿಕ್ ಎಂದರೇನೆಂಬುದೇ ಇಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ನೂರು ಮೀಟರು ಓಡುವುದಕ್ಕೆ ಎಷ್ಟು ವೇಳೆ ಹಿಡಿಯಬಹುದೆಂದು ವಿಚಾರಿಸಿದಾಗ, ಜಿಮ್ಖಾನಾದ ಮುಖಂಡರಲ್ಲೊಬ್ಬರು ಒಂದೆರಡು ಮಿನಿಟು ಸಾಕೆಂದರಂತೆ. ಅದು ಮಿನಿಟುಗಳ ಮಾತಲ್ಲ, ಸೆಕೆಂಡಿನ ಹತ್ತರಲ್ಲೊಂದು ಭಾಗದ ಮಾತು ಎಂದು ತಿಳಿದಾಗ ಆತನು ಬೆರಗಾದನಂತೆ. ಹಣದ ತೊಂದರೆಯೂ ದೊಡ್ಡದು. ಸರಕಾರವು ಸ್ವಲ್ಪ ಕೊಟ್ಟಿತು. ಸಾರ್ವಜನಿಕರಿಂದ ಸ್ವಲ್ಪ ಕೂಡಿತು. ಉಳಿದ ಕೊರತೆಗೆ ದೊರಾಬ್ಜಿಯವರು ತಮ್ಮ ಕೈಯಿಂದಲೇ ಹಾಕಿದರು.

ಪುಣೆಯಲ್ಲಿ ಪರೀಕ್ಷೆಯ ಓಟಗಳು ನಡೆದು, ಆರು ಮಂದಿ ಆರಿಸಲ್ಪಟ್ಟರು. ಪೂರ್ಮಾ ಬ್ಯಾನರ್ಜಿ, ಫಡೆಪ್ಪ ಚೌಗುಲೆ, ಸದಾಶಿವ ದಾತಾರ, ಕೈಕಾಡಿ ಎಂಬ ನಾಲ್ವರು ಓಟಗಾರರು. ನವಲೆ ಮತ್ತು ಶಿಂದೆ ಎಂಬ ಇಬ್ಬರು ಜಟ್ಟಿಗಳು. ಇವರೊಳಗೆ ಫಡೆಪ್ಪ ದರೆಪ್ಪ ಚೌಗುಲೆ ಎಂಬವನು ನಮ್ಮ ಕನ್ನಡ ನಾಡಿನ ಬೆಳಗಾವಿಯವನು. ಇವರು ಹಡಗು ಹತ್ತಿ, ಇಂಗ್ಲಂಡಿನಲ್ಲಿ ಕೆಲವು ವಾರ ನಿಂತು ಅಭ್ಯಾಸಮಾಡಿ, ಬಳಿಕ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣಕ್ಕೆ ಹೋದರು. ಮಹಾಯುದ್ಧವು ಮುಗಿದು ಎರಡು ವರುಷವೂ ಆಗಿರಲಿಲ್ಲ. ಆ ದೇಶವು ಶತ್ರುಗಳ ಕಾಲ್ತುಳಿತದಿಂದ ಬಹಳ ನೊಂದಿತ್ತು; ಆದರೂ ಅಲ್ಲಿಯವರು ಲೋಕದ ಜನರನ್ನು ಬರಮಾಡಿಕೊಂಡರು.

ಓಟಗಳಲ್ಲೆಲ್ಲಾ ಕಠಿಣವಾದದ್ದು ಮ್ಯಾರಥಾನ್ ಎಂಬ ದೀರ್ಘವಾದ ಓಟವು. ಆಂಟ್‌ವರ್ಪಿನಲ್ಲಿ ಅದರ ದೂರವು 42 ಕಿಲೋಮೀಟರು 750 ಮೀಟರು, ಅಂದರೆ ಇಪ್ಪತ್ತಾರೂವರೆ ಮೈಲು. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೆಚ್ಚುಕಡಮೆ ಇಷ್ಟೇ ದೂರವೆಂದು ಎಣಿಸಿದರೆ ವಾಚಕರಿಗೆ ಅಂದಾಜು ಸಿಕ್ಕುವದು. ಒಂದು ಗಳಿಗೆಯೂ ನಿಲ್ಲದೆ ಇಷ್ಟನ್ನು ಓಡಬೇಕು. 1920ನೇ ಇಸವಿ ಆಗಸ್ಟ್ 22ರಲ್ಲಿ, ಚಳಿಯೂ ಮಳೆಯೂ ಇದ್ದ ದಿನ, ನಾನಾ ದೇಶಗಳ ಓಟಗಾರರು ಹೊರಟರು. ಫಿನ್‌ಲೆಂಡಿನ ಕೊಲೆಹ್ಮೈನನ್ ಎಂಬ ಪ್ರಸಿದ್ಧ ಓಟಗಾರನು 2 ಗಂಟೆ 32 ಮಿನಿಟು 35 ಸೆಕೆಂಡುಗಳಲ್ಲಿ ಮೊದಲು ಗುರಿ ಮುಟ್ಟಿದನು. ಎಸ್ತೋನಿಯಾದ ಲಾಸ್‌ಮನ್ ಎಂಬವನು ಕೇವಲ 13 ಸೆಕೆಂಡು ಹಿಂದೆ ಬಂದನು. ನಮ್ಮ ದಾತಾರರು ಕಡೆಯ ತನಕ ಓಡಲಾರದೆ ನಿಂತರು. ಬೆಳಗಾವಿಯ ಚೌಗುಲೆಯಾದರೋ ಬಿಡಲಿಲ್ಲ. ಉರಿಬಿಸಿಲಿನ ನೆಲದಲ್ಲಿ ಬೆಳೆದವನು ತಿಳಿಯದ ದೇಶದ ತಣ್ಣನೆಯ ಮಳೆಯಲ್ಲಿ ಓಡಿ, 2 ಗಂಟೆ 50 ಮಿನಿಟು 45 ಸೆಕೆಂಡುಗಳಲ್ಲಿ 19ನೆಯವನಾಗಿ ಗುರಿ ಸೇರಿದನು. ಮೊದಲಿನವನಿಗೂ ಇವನಿಗೂ ಹದಿನೆಂಟು ಮಿನಿಟುಗಳ ಅಂತರ. ಅವನ ಹಿಂದೆ ಉಳಿದವರಲ್ಲಿ ಯೂರೋಪಿನ ಒಳ್ಳೇ ತರಬೇತಿಯುಳ್ಳವರೂ ಇದ್ದರು.

ಬ್ಯಾನರ್ಜಿಯವರು ಕೂಟದ ಆರಂಭದಲ್ಲಿ ದೇಶದ ಪರವಾಗಿ ಬಾವುಟವನ್ನು ಹಿಡಿದು ನಡೆದರು. ಆದರೆ ಚಿಕ್ಕ ಓಟಗಳಲ್ಲಿ ಮೊದಲನೇ ಸುತ್ತನ್ನು ದಾಟಲಿಲ್ಲ. ಜಟ್ಟಿ ಶಿಂದೆಯವರು ಬಹುಮಾನಕ್ಕೆ ಒಂದೇ ಹೆಜ್ಜೆ ಹಿಂದಾದರು. ಹೀಗೆ ಆರು ಮಂದಿಯೂ ಪದಕವಿಲ್ಲದೆ ಹಿಂದಿರುಗಿದರು. ಇಷ್ಟು ಹಣ ಸುರಿದು ಬರಿಗೈಯಲ್ಲಿ ಬಂದರಲ್ಲಾ ಎಂದು ಲೆಕ್ಕ ಹಾಕುವವನಿಗೆ ಇದು ನಷ್ಟವಾಗಿ ತೋರುವದು. ದೊರಾಬ್ಜಿಯವರು ಹಾಗೆ ಎಣಿಸಲಿಲ್ಲ. ಬಿತ್ತಿದ ವರುಷವೇ ಮರವು ಫಲಕೊಡುವದಿಲ್ಲವೆಂಬುದನ್ನು ಉಕ್ಕಿನ ಕಾರ್ಖಾನೆಯ ಕೆಲಸದಲ್ಲಿ ಅವರು ಆಗಲೇ ಕಲಿತಿದ್ದರು. ಅದೇ 1920ರಲ್ಲಿ ಅವರು ಒಲಿಂಪಿಕ್ ಕೂಟಗಳನ್ನು ನಡಿಸುವ ಅಂತರರಾಷ್ಟ್ರೀಯ ಸಮಿತಿಗೆ ಸದಸ್ಯರಾದರು. ನಮ್ಮ ದೇಶದಿಂದ ಆ ಸ್ಥಾನವನ್ನು ಪಡೆದವರಲ್ಲಿ ಅವರೇ ಮೊದಲಿಗರು.

ಮುಂದಿನ ಕೂಟವು 1924ರಲ್ಲಿ ಪ್ಯಾರಿಸಿನಲ್ಲಿ. ಈ ಸಾರಿ ದೊರಾಬ್ಜಿಯವರಿಗೆ ಒಳ್ಳೇ ಜತೆಗಾರರು ಸಿಕ್ಕಿದರು. ವೈ. ಎಂ. ಸಿ. ಎ. ಎಂಬ ಯೌವನಸ್ಥರ ಕ್ರೈಸ್ತಸಂಘದ ನೋರೆನ್ ಎಂಬವರೂ, 1920ರಲ್ಲಿ ಮದರಾಸಿನಲ್ಲಿ ದೇಹಶಿಕ್ಷಣದ ಶಾಲೆಯನ್ನು ಆರಂಭಿಸಿದ ಹ್ಯಾರಿ ಬಕ್ ಎಂಬವರೂ ದೇಶವನ್ನು ಸುತ್ತಿ, ಪ್ರಾಂತಪ್ರಾಂತಗಳಲ್ಲಿ ಪಂದ್ಯಗಳನ್ನು ಏರ್ಪಡಿಸಿ, ಯೋಗ್ಯರಾದವರನ್ನು ಆರಿಸುವುದಕ್ಕೆ ನೆರವಾದರು. ಇವರಿಬ್ಬರೂ ಅಮೇರಿಕದವರು. ಈ ಪ್ರಯತ್ನದ ಫಲವಾಗಿ 1927ರಲ್ಲಿ ದೇಶದ ಒಲಿಂಪಿಕ್ ಸಂಘವು ಸ್ಥಾಪನೆಯಾಯಿತು. ದೊರಾಬ್ಜಿಯವರು ಅದರ ಮೊದಲನೆಯ ಅಧ್ಯಕ್ಷರಾದರು; ಮರುವರುಷ ಆ ಸ್ಥಾನವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅದೇ 1928ರಲ್ಲಿ ಆಮ್‌ಸ್ಟರ್‌ಡಾಮಿನ ಕೂಟದಲ್ಲಿ ನಮ್ಮ ಹಾಕಿಯ ತಂಡವು ಚಿನ್ನದ ಪದಕವನ್ನು ಗೆದ್ದಿತು. ಎಂಟು ವರುಷಗಳ ಹಿಂದೆ ಆರು ಮಂದಿ ಬರಿಗೈಯವರು ತುಳಿದ ದಾರಿಯಲ್ಲಿಯೇ ಆ ಜಯವು ಬಂತು.

1924ನೇ ಇಸವಿಯು ಇವರಿಗೆ ಬೇರೊಂದು ವಿಧದಲ್ಲಿ ಶೋಧನೆಯ ವರುಷವಾಗಿತ್ತು. ಯುದ್ಧಾನಂತರ ಉಕ್ಕಿನ ಬೆಲೆ ಬಿದ್ದುಹೋಗಿ, ಕಾರ್ಖಾನೆಯಲ್ಲಿ ಕೂಲಿಗಾರರಿಗೆ ಸಂಬಳ ಕೊಡುವುದಕ್ಕೂ ಹಣವಿಲ್ಲದಂಥ ಸಂಕಟವು ಬಂತು. ಕಾರ್ಖಾನೆಯನ್ನು ಮುಚ್ಚಿದ್ದರೆ ಸಾವಿರಾರು ಕುಟುಂಬಗಳು ಬೀದಿಗೆ ಬೀಳುತ್ತಿದ್ದವು. ಆಗ ದೊರಾಬ್ಜಿಯವರು ತಮ್ಮ ಸ್ವಂತ ಆಸ್ತಿಯನ್ನೆಲ್ಲಾ, ಹೆಚ್ಚುಕಡಮೆ ಒಂದು ಕೋಟಿ ರೂಪಾಯಿ ಬೆಲೆಯದನ್ನು, ಹೆಂಡತಿಯ ಒಡವೆಗಳನ್ನೂ ಸಹ ಸೇರಿಸಿ ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ತಂದರು. ಆ ಒಡವೆಗಳಲ್ಲಿ 245 ಕ್ಯಾರಟ್ ತೂಕದ ಜ್ಯೂಬಿಲಿ ವಜ್ರವೂ ಇತ್ತು. ಅದು ಕೊಹಿನೂರಿನ ಎರಡರಷ್ಟಕ್ಕಿಂತಲೂ ದೊಡ್ಡದು. ಹೆಂಡತಿಯ ಕೊರಳಿನ ಒಡವೆಯು ಕೂಲಿಗಾರನ ಮನೆಯ ಅನ್ನವನ್ನು ಕಾಪಾಡಿತು. ಕಾರ್ಖಾನೆಯು ಉಳಿಯಿತು, ಅದು ಈಗಲೂ ನಡೆಯುತ್ತಿದೆ.

1931ನೇ ಇಸವಿ ಜೂನ್ 18ರಲ್ಲಿ ಮೆಹರ್‌ಬಾಯಿಯವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಇಳಿವಯಸ್ಸಿನಲ್ಲಿ ಬಂದ ಈ ದುಃಖವು ದೊರಾಬ್ಜಿಯವರನ್ನು ಬಹಳವಾಗಿ ಕುಗ್ಗಿಸಿತು. ಆದರೂ ಕಣ್ಣೀರಿನಲ್ಲಿಯೇ ಕಾಲವನ್ನು ಕಳೆಯಲಿಲ್ಲ. ಆ ರೋಗದ ಶೋಧನೆಗಾಗಿ ಹೆಂಡತಿಯ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. 1932ನೇ ಮಾರ್ಚಿಯಲ್ಲಿ ತಮಗೆ ಉಳಿದ ಸಮಸ್ತ ಸೊತ್ತನ್ನೂ, ಆ ದೊಡ್ಡ ವಜ್ರವನ್ನೂ, ಜಾತಿಮತಗಳ ಭೇದವಿಲ್ಲದೆ ವಿದ್ಯೆಗೂ ರೋಗಿಗಳಿಗೂ ಬಡವರಿಗೂ ಸಲ್ಲುವಂತೆ ಧರ್ಮನಿಧಿಗೆ ಬರೆದುಕೊಟ್ಟರು. ಮೂರು ತಿಂಗಳೊಳಗಾಗಿ, ಜೂನ್ 3ರಲ್ಲಿ, ಜರ್ಮನಿಯ ಬಾಡ್ ಕಿಸ್ಸಿಂಗೆನ್ ಎಂಬಲ್ಲಿ ತಾವೂ ಮರಣಹೊಂದಿದರು. ಇಂಗ್ಲಂಡಿನ ಬ್ರುಕ್‌ವುಡ್ ಸ್ಮಶಾನಭೂಮಿಯಲ್ಲಿ ಹೆಂಡತಿಯ ಮಗ್ಗುಲಲ್ಲಿಯೇ ಅವರನ್ನು ಇಟ್ಟರು.

ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದುಂಟು. ಪುಣೆಯ ಬಯಲಿನಲ್ಲಿ ಬರಿಗಾಲಿನ ಹುಡುಗರು ಓಡುವುದನ್ನು ನೂರಾರು ಜನರು ನೋಡಿದರು. ಅವರ ಯೋಗ್ಯತೆಯನ್ನು ಕಂಡವರು ಕೆಲವರೇ. ನಮ್ಮ ಹಳ್ಳಿಗಳಲ್ಲಿಯೂ ಕಾಲಲ್ಲಿ ಜೋಡಿಲ್ಲದ, ಕಲಿಸುವವರಿಲ್ಲದ ಮಕ್ಕಳು ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬನು ಓಟದಲ್ಲಿಯೂ ಒಬ್ಬಳು ಓದಿನಲ್ಲಿಯೂ ಇನ್ನೊಬ್ಬನು ಕೈಕೆಲಸದಲ್ಲಿಯೂ ಶಕ್ತರಾಗಿರಬಹುದು. ಅದನ್ನು ಕಂಡ ಹಿರಿಯನು ದುಡ್ಡಿಲ್ಲದವನಾದರೂ ಒಂದು ಮಾತನ್ನಾದರೂ ಹೇಳಿ, ಒಂದು ದಾರಿಯನ್ನಾದರೂ ತೋರಿಸಬಹುದು. ಮತ್ತು ಬೆಳಗಾವಿಯ ಚೌಗುಲೆಯು ಹತ್ತೊಂಬತ್ತನೆಯವನಾದನೇ ಹೊರತು ನಡುದಾರಿಯಲ್ಲಿ ಕುಳಿತವನಾಗಲಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸೋಣ. ಎಲ್ಲರೂ ಮೊದಲಿಗರಾಗಲಾರರು, ಹೊರಟ ಓಟವನ್ನು ಕಡೆಯ ತನಕ ಓಡುವುದು ಮಾತ್ರ ಪ್ರತಿಯೊಬ್ಬನಿಗೂ ಸಾಧ್ಯವಾದದ್ದು.