ಎ. ಆರ್. ಕೃಷ್ಣಶಾಸ್ತ್ರಿಗಳು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಜೈಮಿನಿಭಾರತವನ್ನು ರಚಿಸಿದ ಲಕ್ಷ್ಮೀಶನ ಊರು ಕಡೂರು ತಾಲ್ಲೂಕಿನ ದೇವನೂರೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ‘ಆನಂದ’ ಎಂಬ ಹೆಸರಿನಿಂದ ಸಣ್ಣಕಥೆಗಳನ್ನು ಬರೆದು ಕೀರ್ತಿ ಪಡೆದ ಸೀತಾರಾಮ್ ಅವರು ಅಜ್ಜಂಪುರದವರು. ಈಗಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದರು. ಆ ಜಿಲ್ಲೆಯ ಅಂಬಳೆ ಎಂಬ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಧರಿಸಿ, ಕನ್ನಡದ ತರುಣರಿಗೆ ಹಲವು ಭಾಷೆಗಳ, ಹಲವು ಬಗೆಗಳ ಸಾಹಿತ್ಯದ ಬಾಗಿಲನ್ನು ತೆರೆದವರು ಅಂಬಳೆ ರಾಮಕೃಷ್ಣಶಾಸ್ತ್ರಿ ಕೃಷ್ಣಶಾಸ್ತ್ರಿಗಳು.

ಕೃಷ್ಣಶಾಸ್ತ್ರಿಗಳು ಹುಟ್ಟಿದ್ದು 1890ನೆಯ ಇಸವಿ ಫೆಬ್ರವರಿ 12ರಂದು. ತಂದೆ ರಾಮಕೃಷ್ಣಶಾಸ್ತ್ರಿಗಳು ಸಂಸ್ಕೃತ ವ್ಯಾಕರಣದಲ್ಲಿ ಪಂಡಿತರು. ಹೀಗಾಗಿ ಸಂಸ್ಕೃತ ಬಾಲಕನಿಗೆ ಮನೆಯಲ್ಲಿಯೇ ದೊರೆಯಿತು. ಇಂಗ್ಲಿಷನ್ನು ಶಾಲೆ ಕಾಲೇಜುಗಳು ಕಲಿಸಿದವು. ಆದರೆ ಕನ್ನಡದ ಸ್ಥಿತಿ ಆಗ ಹೀಗಿರಲಿಲ್ಲ. ಕಾಲೇಜಿನ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ವಿದ್ಯಾವಂತರಾದವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತನಾಡಲು ಸಂಕೋಚಪಡುತ್ತಿದ್ದ ಕಾಲವದು. ಹಳಗನ್ನಡ ಕಾವ್ಯಗಳು ಪಂಡಿತರ ಸೊತ್ತಾಗಿದ್ದವು. ತರುಣನೊಬ್ಬನು ಆಸೆಪಟ್ಟು ಓದಹೊರಟರೆ, ಅವನ ಕೈಗೆ ಸಿಕ್ಕುವ ಒಳ್ಳೆಯ ಹೊಸಗನ್ನಡ ಗದ್ಯಗ್ರಂಥಗಳು ಬಹಳ ಕಡಿಮೆ.

ಪದವಿ ಪಡೆದ ಮೇಲೆ ಕೃಷ್ಣಶಾಸ್ತ್ರಿಗಳು ಕೆಲಕಾಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆ ಕೆಲಸದಲ್ಲಿಯೇ ಅವರ ಆಯುಷ್ಯ ಕಳೆದುಹೋಗಬಹುದಾಗಿತ್ತು. ಕನ್ನಡದ ಪುಣ್ಯದಿಂದ ಹಾಗಾಗಲಿಲ್ಲ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ವಿಜ್ಞಾನದ ವ್ಯಾಸಂಗಕ್ಕೆ ಹೆಸರಾದ ಆ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕನಿಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. ಶಾಸ್ತ್ರಿಗಳು ಅದಕ್ಕಾಗಿ ಕೊರಗುತ್ತ ಕೂಡಲಿಲ್ಲ. ವಿದ್ಯಾರ್ಥಿಗಳನ್ನು ಕೂಡಿಸಿ ಕರ್ಣಾಟಕ ಸಂಘವನ್ನು ಕಟ್ಟಿದರು. ಪಾಠದ ಕೊಠಡಿಯಲ್ಲಿ ಹೇಳಿ ಮುಗಿಸಲಾಗದ ವಿಷಯಗಳಿಗೆ ಸಂಘವೇ ವೇದಿಕೆಯಾಯಿತು.

ಆದರೆ ಭಾಷಣ ಕೇಳಿದವರಲ್ಲಿಯೇ ಉಳಿಯುತ್ತದೆ. ಅಚ್ಚಾದ ಬರಹ ದೂರದೂರದ ಊರುಗಳನ್ನು ಮುಟ್ಟುತ್ತದೆ. ಇದನ್ನು ಅರಿತು 1919ರಲ್ಲಿ ಶಾಸ್ತ್ರಿಗಳು ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಎಂಬ ತ್ರೈಮಾಸಿಕ ಪತ್ರಿಕೆಯನ್ನು ಹೊರಡಿಸಿದರು. ಕೈಯಲ್ಲಿ ಹಣವಿರಲಿಲ್ಲ, ಚಂದಾದಾರರು ವಿರಳ. ಬರೆಯಬಲ್ಲವರಿಂದ ಬರೆಯಿಸುವುದು, ಬಂದುದನ್ನು ತಿದ್ದುವುದು, ಕರಡು ನೋಡುವುದು, ಇವೆಲ್ಲ ಸಂಪಾದಕರ ಹೆಗಲಿನ ಮೇಲೆಯೇ ಇದ್ದ ಹೊರೆ. ಆ ಪತ್ರಿಕೆಯಲ್ಲಿ ಕವಿತೆಗಳು ಬಂದವು, ಕಥೆಗಳು ಬಂದವು. ವಿಮರ್ಶೆ, ಸಂಶೋಧನೆ, ವಿಜ್ಞಾನಗಳೂ ಸ್ಥಾನ ಪಡೆದವು. ಎಂತಹ ವಿಷಯವನ್ನಾದರೂ ಕನ್ನಡದಲ್ಲಿ ಹೇಳಲು ಸಾಧ್ಯವೆಂಬುದನ್ನು ಅದು ವಾದದಿಂದಲ್ಲ, ಕೆಲಸದಿಂದ ತೋರಿಸಿಕೊಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಆ ಪತ್ರಿಕೆಯನ್ನು ತನ್ನದಾಗಿಸಿಕೊಂಡು ನಡೆಸಿತು.

ಶಾಸ್ತ್ರಿಗಳಿಗೆ ಈ ಕಾರ್ಯದಲ್ಲಿ ಜೊತೆಗಾರರಾಗಿ ದೊರೆತವರು ತಳುಕಿನ ವೆಂಕಣ್ಣಯ್ಯನವರು. ಇಬ್ಬರದೂ ಅಪೂರ್ವ ಸ್ನೇಹ. ಇಬ್ಬರೂ ಸೇರಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ವಿದ್ಯಾರ್ಥಿಗಳಿಗೆ ಎಟುಕುವಂತೆ ಸಂಗ್ರಹಿಸಿಕೊಟ್ಟರು. ದೊಡ್ಡ ಕಾವ್ಯವನ್ನು ಕಂಡು ಹಿಂಜರಿಯುತ್ತಿದ್ದ ಎಷ್ಟೋ ಮಂದಿ ಆ ಸಂಗ್ರಹದ ಮೂಲಕವೇ ರಾಘವಾಂಕನನ್ನು ಅರಿತುಕೊಂಡರು. 1939ರಲ್ಲಿ ವೆಂಕಣ್ಣಯ್ಯನವರು ಅಕಾಲದಲ್ಲಿ ತೀರಿಕೊಂಡಾಗ ಶಾಸ್ತ್ರಿಗಳ ಬಲಗೈಯೇ ಮುರಿದಂತಾಯಿತು. ಆದರೂ ಇಬ್ಬರೂ ಕೂಡಿ ಹಿಡಿದ ವ್ರತವನ್ನು ಅವರು ಒಬ್ಬರೇ ಮುಂದುವರಿಸಿದರು. 1941ರಲ್ಲಿ ಹೈದರಾಬಾದಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು.

ಶಾಸ್ತ್ರಿಗಳ ಕೃತಿಗಳನ್ನು ಒಂದೆಡೆ ಇಟ್ಟು ನೋಡಿದರೆ ಅವರ ಉದ್ದೇಶವೇನೆಂಬುದು ಸ್ಪಷ್ಟವಾಗುತ್ತದೆ. ಭಾಸನ ನಾಟಕಗಳು ತಿರುವನಂತಪುರದಲ್ಲಿ ಅಚ್ಚಾಗತೊಡಗಿದ್ದು 1912ರಲ್ಲಿ. ಭಾಸ, ಕಾಳಿದಾಸ, ಭವಭೂತಿ ಮೊದಲಾದವರ ನಾಟಕಗಳನ್ನು ಸಂಸ್ಕೃತವರಿಯದ ಕನ್ನಡಿಗನೂ ಸವಿಯುವಂತೆ ವಿವರಿಸುವ ‘ಸಂಸ್ಕೃತ ನಾಟಕ’ ಎಂಬ ಗ್ರಂಥವನ್ನು ಅವರು 1937ರಲ್ಲಿ ಪ್ರಕಟಿಸಿದರು. ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ಕಥಾಸರಿತ್ಸಾಗರ ಅವರ ಕೈಯಲ್ಲಿ ‘ಕಥಾಮೃತ’ವಾಯಿತು. ‘ಶ್ರೀಪತಿ’ ಎಂಬ ಹೆಸರಿನಲ್ಲಿ ಸ್ವತಂತ್ರವಾದ ಸಣ್ಣಕಥೆಗಳನ್ನೂ ಬರೆದರು. ಆ ಕಥೆಗಳು ಹೆಚ್ಚಲ್ಲ. ತಮ್ಮದನ್ನು ಬರೆಯುವುದಕ್ಕಿಂತ ಹಿರಿಯರು ಬರೆದುದನ್ನು ಕಿರಿಯರಿಗೆ ತಲುಪಿಸುವುದೇ ಮೊದಲ ಕರ್ತವ್ಯವೆಂದು ಅವರು ಬಗೆದಂತೆ ತೋರುತ್ತದೆ. ಇದು ಸಣ್ಣ ತ್ಯಾಗವಲ್ಲ.

ಅವರ ಕೃತಿಗಳಲ್ಲಿ ಮನೆಮನೆಯನ್ನು ಸೇರಿದ್ದು 1950ರಲ್ಲಿ ಹೊರಬಂದ ‘ವಚನಭಾರತ’. ಇಲ್ಲಿ ವಚನವೆಂದರೆ ಗದ್ಯವೆಂದರ್ಥ. ಮಹಾಭಾರತದ ಕಥೆಯನ್ನು ಪಂಪ ಹತ್ತನೆಯ ಶತಮಾನದಲ್ಲಿ ಚಂಪುವಿನಲ್ಲಿ ಹೇಳಿದನು. ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಹಾಡಿದನು. ದೇವನೂರಿನ ಲಕ್ಷ್ಮೀಶ ಧರ್ಮರಾಯನ ಅಶ್ವಮೇಧದ ಕಥೆಯನ್ನು ವಾರ್ಧಕ ಷಟ್ಪದಿಗೆ ಇಳಿಸಿದನು. ಒಂದೊಂದು ಕಾಲವೂ ತನಗೆ ಒಗ್ಗುವ ರೂಪದಲ್ಲಿ ಆ ಕಥೆಯನ್ನು ಕೇಳಿತು. ಇಪ್ಪತ್ತನೆಯ ಶತಮಾನದ ಓದುಗನಿಗೆ ಬೇಕಾಗಿದ್ದುದು ತಿಳಿಯಾದ ಗದ್ಯ. ಸುಮಾರು ಒಂದು ಲಕ್ಷ ಶ್ಲೋಕಗಳೆಂದು ಪ್ರಸಿದ್ಧವಾದ ಹದಿನೆಂಟು ಪರ್ವಗಳ ಗ್ರಂಥವನ್ನು ಒಂದು ಸಂಪುಟಕ್ಕೆ ಅಳವಡಿಸುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕ ಮುಖ್ಯ. ಶಾಸ್ತ್ರಿಗಳು ಕಥೆಯ ಓಟವನ್ನು ಕೆಡಿಸಲಿಲ್ಲ, ಮೂಲದ ಗಾಂಭೀರ್ಯವನ್ನೂ ಕಳೆಯಲಿಲ್ಲ. ಹತ್ತು ಹನ್ನೆರಡು ವಯಸ್ಸಿನ ಮಕ್ಕಳೂ ಮುಪ್ಪಿನ ಹಿರಿಯರೂ ಒಂದೇ ಪುಸ್ತಕವನ್ನು ಓದಿ ಸಂತೋಷಪಡುವಂತಾಯಿತು. ಅದು ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ.

ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಹಿಂದೆಯೇ ಕನ್ನಡಕ್ಕೆ ತಂದಿದ್ದರು. ಕನ್ನಡಿಗರು ಆ ಕಥೆಗಳನ್ನು ಅರಿತಿದ್ದರು. ಕಥೆಗಾರನನ್ನು ಅಷ್ಟಾಗಿ ಅರಿತಿರಲಿಲ್ಲ. ಶಾಸ್ತ್ರಿಗಳು ಬಂಗಾಳಿಯನ್ನು ಕಲಿತು, ಮೂಲಕೃತಿಗಳನ್ನು ಪರಿಶೀಲಿಸಿ, ಬಂಕಿಮಚಂದ್ರರ ಬಾಳನ್ನೂ ಬರಹವನ್ನೂ ತೂಗಿ ನೋಡುವ ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಎಂಬ ವಿಮರ್ಶಾಗ್ರಂಥವನ್ನು ಬರೆದರು. ಇದಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

1968ನೆಯ ಇಸವಿ ಫೆಬ್ರವರಿ 1ರಂದು ಕೃಷ್ಣಶಾಸ್ತ್ರಿಗಳು ನಿಧನರಾದರು. ಅವರ ಕಾಲದ ಹಲವರಿಗೆ ದೊರೆತ ಪ್ರಚಾರ ಅವರಿಗೆ ದೊರೆಯಲಿಲ್ಲ. ಅವರು ಅದನ್ನು ಅರಸಿ ಹೋದವರೂ ಅಲ್ಲ. ಕೆರೆಯ ನೀರು ಗದ್ದೆಯನ್ನು ಮುಟ್ಟಬೇಕಾದರೆ ಕಾಲುವೆ ಬೇಕು. ಪೈರು ತಲೆದೂಗುವಾಗ ಕಾಲುವೆಯನ್ನು ಯಾರೂ ನೆನೆಯುವುದಿಲ್ಲ. ಆದರೆ ಅದು ಹೂಳಿಹೋದರೆ ಕೆರೆ ತುಂಬಿದ್ದರೂ ಬೆಳೆ ಒಣಗುತ್ತದೆ. ವ್ಯಾಸ, ಸೋಮದೇವ, ರಾಘವಾಂಕ, ಬಂಕಿಮರನ್ನು ಕನ್ನಡದ ಹುಡುಗ ಹುಡುಗಿಯರ ಬಳಿಗೆ ಹರಿಸಿದ ಕಾಲುವೆ ಕೃಷ್ಣಶಾಸ್ತ್ರಿಗಳ ಬಾಳು.