ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಮಿರಜದಿಂದ ಪುಣೆಗೆ ಹೋಗುವ ರೈಲುದಾರಿಯಲ್ಲಿ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣವಿದೆ. ನಮ್ಮ ಸಾಂಗಲಿ ಜಿಲ್ಲೆಯ ಈ ಊರಿಗೆ ಹೆಸರು ಬಂದದ್ದು ಲಕ್ಷ್ಮಣರಾವ್ ಕಿರ್ಲೋಸ್ಕರರಿಂದ. ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು.

ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಗೋಚರಿಸದ್ದರಿಂದ ಕುಂಚ ಬಿಟ್ಟು, ಯಂತ್ರಗಳ ನಕ್ಷೆ ಬರೆಯಲು ಕಲಿತು, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಸಲ್ಲಬೇಕಾದ ಬಡ್ತಿ ತಪ್ಪಿದಾಗ ನೌಕರಿ ತೊರೆದು ಬೆಳಗಾವಿಗೆ ಬಂದು, ಅಣ್ಣನೊಡನೆ ಸೈಕಲ್ ವ್ಯಾಪಾರದಲ್ಲಿ ತೊಡಗಿದರು. ಬಳಿಕ ಚಿಕ್ಕ ಕಾರ್ಖಾನೆಯಲ್ಲಿ ಕಣಿಕೆ ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು.

ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ರೈತರನ್ನು ನಾವು ಹಳಿಯಲಾರೆವು. ಹೊಲ ಕೆಟ್ಟರೆ ವರ್ಷದ ಅನ್ನವೇ ಹೋಗುತ್ತದೆ. ಆದರೆ ಕೆಲಸಗಾರರ ಕೂಲಿ ಎರಡು ವರ್ಷ ಕಾಯುತ್ತದೆಯೇ? ಆದರೂ ರಾಯರು ನೇಗಿಲನ್ನು ಕೈಬಿಡಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಜಾಗ ನಗರಸಭೆಗೆ ಬೇಕಾಗಿ, ಬೆಳಗಾವಿಯನ್ನೇ ಬಿಡಬೇಕಾಯಿತು. ಔಂಧದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳ ಬೀಡಾಗಿದ್ದ ಆ ಬರಡು ನೆಲವನ್ನು ಹಸನು ಮಾಡಿ, 1910ರಲ್ಲಿ ಕೆಲಸ ಆರಂಭಿಸಿದರು. ಅದೇ ನೇಗಿಲು ಮುಂದೆ ಊರೂರಿಗೆ ಹೋಯಿತು. ಕಬ್ಬಿನ ಗಾಣ, ನೀರೆತ್ತುವ ಪಂಪುಗಳೂ ಬಂದವು. 1956ರಲ್ಲಿ ಅವರು ತೀರಿಕೊಂಡರು.

ಒಳ್ಳೆಯ ವಸ್ತು ಮಾಡಿದರೆ ಅರ್ಧ ಕೆಲಸ. ಕೊಳ್ಳುವವನ ನಂಬಿಕೆ ಗಳಿಸುವುದು ಉಳಿದರ್ಧ. ನಾಳೆ ಅಂಗಡಿಯನ್ನೋ ಗಿರಣಿಯನ್ನೋ ತೆರೆಯಲಿರುವ ನಮ್ಮ ವಿದ್ಯಾರ್ಥಿಗಳು ಆ ಎರಡು ವರ್ಷಗಳನ್ನು ನೆನೆಯಲಿ.